ತಾಯಿಯ ಸ್ಥಿತಿ: ಮೊದಲ ಆಫ್ರಿಕನ್-ಅಮೆರಿಕನ್ ಸಣ್ಣಕಥೆಗಳಲ್ಲಿ ವರ್ಣ ಮತ್ತು ಸ್ತ್ರೀ

ಅಮೆರಿಕದ ವರ್ಜೀನಿಯಾ ವಸಾಹತಿನ ಶಾಸನಸಭೆ 1662ರಲ್ಲಿ ಒಂದು ಕಾಯಿದೆಯನ್ನು ಮಾಡಿತು. ಆ ನಾಡಿನಲ್ಲಿ ಹುಟ್ಟುವ ಶಿಶು ಗುಲಾಮನೋ ಸ್ವತಂತ್ರನೋ ಎಂಬುದನ್ನು ಅದರ ತಾಯಿಯ ಸ್ಥಿತಿಯೇ ನಿರ್ಣಯಿಸತಕ್ಕದ್ದು ಎಂಬುದು ಅದರ ತಾತ್ಪರ್ಯ. ಇಂಗ್ಲೆಂಡಿನ ಪರಂಪರೆಯಲ್ಲಿ ಮಗುವಿನ ಕುಲವೂ ಹೆಸರೂ ಹಕ್ಕುಗಳೂ ತಂದೆಯ ಕಡೆಯಿಂದ ಬರುತ್ತಿದ್ದವು. ಆ ಪರಂಪರೆಯನ್ನು ಬದಿಗಿರಿಸಿ ಇಲ್ಲಿ ಮಾತ್ರ ತಾಯಿಯನ್ನು ಮುಂದಿಟ್ಟುದು ತಾಯ್ತನದ ಮೇಲಿನ ಗೌರವದಿಂದಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಬಿಳಿಯ ಯಜಮಾನನಿಗೆ ಗುಲಾಮ ಹೆಣ್ಣಿನಲ್ಲಿ ಹುಟ್ಟಿದ ಮಗು ಆತನ ಮಗನಾಗದೆ ಆತನ ಸ್ವತ್ತಾಯಿತು. ಆತನ ಪಾಪವೇ ಆತನಿಗೆ ಲಾಭವನ್ನು ತರುವಂತಾಯಿತು. ಮುಂದೆ ದಕ್ಷಿಣದ ಇತರ ವಸಾಹತುಗಳೂ ಇದೇ ನಿಯಮವನ್ನು ಅನುಸರಿಸಿದವು. ಎರಡು ಶತಮಾನಗಳ ಕಾಲ, ಎಂದರೆ 1865ರಲ್ಲಿ ಗುಲಾಮಗಿರಿ ರದ್ದಾಗುವವರೆಗೆ, ಕಪ್ಪು ಹೆಣ್ಣಿನ ಗರ್ಭವೇ ದಾಸ್ಯವು ಒಂದು ತಲೆಮಾರಿನಿಂದ ಇನ್ನೊಂದು ತಲೆಮಾರಿಗೆ ಹಾಯ್ದುಹೋಗುವ ದಾರಿಯಾಗಿದ್ದಿತು.

ಕಥಾಸಾಹಿತ್ಯದ ವಿಮರ್ಶೆಗೆ ಈ ಕಾನೂನಿನ ಮಾತೇಕೆ ಎಂದು ವಾಚಕರು ಕೇಳಬಹುದು. ಆಫ್ರಿಕನ್-ಅಮೆರಿಕನ್ ಸಾಹಿತ್ಯವನ್ನು ಕುರಿತು ಬರೆಯುವವರಲ್ಲಿ ವರ್ಣಸಂಘರ್ಷದ ಕಥೆಗಳು ಒಂದು ಬಗೆ, ಸ್ತ್ರೀಪುರುಷ ಸಂಘರ್ಷದ ಕಥೆಗಳು ಇನ್ನೊಂದು ಬಗೆ ಎಂದು ವಿಂಗಡಿಸಿ ನೋಡುವ ರೂಢಿಯುಂಟು. ಪಾಠ ಹೇಳುವುದಕ್ಕೆ ಇದು ಅನುಕೂಲವೇನೋ ಸರಿ. ಆದರೆ ಆ ಸಾಹಿತ್ಯದ ಮೊದಲ ಸಣ್ಣಕಥೆಗಳ ಮುಂದೆ ಈ ವಿಂಗಡಣೆ ನಿಲ್ಲುವುದಿಲ್ಲ. ವರ್ಣವು ಕಾನೂನಿನ ಪ್ರಕಾರವೇ ತಾಯಿಯ ಮೂಲಕ ಬರುತ್ತಿದ್ದ ನಾಡಿನಲ್ಲಿ ವರ್ಣವನ್ನು ಕುರಿತ ಕಥೆಯೆಲ್ಲವೂ ಹೆಣ್ಣಿನ ಕಥೆಯೇ. ಹೀಗಿರುವಾಗ ಆ ಕಥೆಗಳನ್ನು ಬೇರೊಂದು ಪ್ರಶ್ನೆಯಿಂದ ಪರೀಕ್ಷಿಸುವುದು ಮೇಲು. ಕಥೆಯ ಕೊನೆಯಲ್ಲಿ ನಿರ್ಧಾರ ಮಾಡುವವರು ಯಾರು? ಹೆಣ್ಣು ಅಲ್ಲಿ ಸಾಕ್ಷಿಯಾಗಿ ನಿಂತಿದ್ದಾಳೆಯೋ, ತೀರ್ಪು ಕೊಡುವ ಅಧಿಕಾರವೂ ಅವಳಿಗಿದೆಯೋ? ಈ ಪ್ರಶ್ನೆಯನ್ನು ಹಿಡಿದು ನಾಲ್ಕಾರು ಕಥೆಗಳನ್ನು ಓದಿನೋಡುವುದು ಪ್ರಕೃತ ಲೇಖನದ ಉದ್ದೇಶ.

ಅಮೆರಿಕದಲ್ಲಿ ಹುಟ್ಟಿದ ಕಪ್ಪು ಲೇಖಕನೊಬ್ಬನ ಮೊತ್ತಮೊದಲ ಸಣ್ಣಕಥೆಯೆಂದು ಗಣಿಸಲ್ಪಟ್ಟಿರುವುದು ಇಂಗ್ಲಿಷಿನಲ್ಲಿ ಬರೆದುದೇ ಅಲ್ಲ. ನ್ಯೂ ಆರ್ಲಿಯನ್ಸಿನಲ್ಲಿ ಸ್ವತಂತ್ರ ಕುಟುಂಬದಲ್ಲಿ ಜನಿಸಿ ಪ್ಯಾರಿಸ್ಸಿಗೆ ಹೋದ ವಿಕ್ಟರ್ ಸೆಜೂರ್ 1837ರಲ್ಲಿ ಅಲ್ಲಿನ ಪತ್ರಿಕೆಯೊಂದರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದ 'ಲ ಮುಲಾತ್ರ್' ಎಂಬ ಕಥೆ ಅದು. ಹೆಸರಿನ ಅರ್ಥ 'ಮಿಶ್ರವರ್ಣದವನು'. ಕಥೆ ನಡೆಯುವುದು ಫ್ರೆಂಚರ ಆಳ್ವಿಕೆಯಲ್ಲಿದ್ದ ಸ್ಯಾನ್ ಡೊಮಿಂಗೊ ದ್ವೀಪದಲ್ಲಿ, ಎಂದರೆ ಮುಂದೆ ಹೈಟಿ ಎಂದು ಸ್ವತಂತ್ರವಾದ ನಾಡಿನಲ್ಲಿ. ಯಜಮಾನನಾದ ಆಲ್ಫ್ರೆಡ್ ಗುಲಾಮಳಾಗಿ ಕೊಂಡು ತಂದ ಲೈಸಾ ಎಂಬವಳಲ್ಲಿ ಹುಟ್ಟಿದವನು ಜಾರ್ಜ್. ತಂದೆ ಯಾರೆಂಬುದು ಜಾರ್ಜನಿಗೆ ತಿಳಿಯದು. ಬೆಳೆದು ಮದುವೆಯಾದ ಮೇಲೆ ಆತನ ಹೆಂಡತಿ ಜೆಲಿಯ ಮೇಲೆ ಅದೇ ಯಜಮಾನನ ಕಣ್ಣು ಬೀಳುತ್ತದೆ. ತನ್ನ ಮಾನವನ್ನು ಕಾಯ್ದುಕೊಳ್ಳಲು ಅವಳು ಅವನನ್ನು ನೂಕುತ್ತಾಳೆ. ಅವನು ಬಿದ್ದು ಪೆಟ್ಟು ಮಾಡಿಕೊಳ್ಳುತ್ತಾನೆ. ಬಿಳಿಯನ ಮೇಲೆ ಕೈಮಾಡಿದ ಅಪರಾಧಕ್ಕೆ ಅವಳಿಗೆ ಗಲ್ಲಾಗುತ್ತದೆ. ಜಾರ್ಜ್ ಕಾಡು ಸೇರಿ, ವರ್ಷಗಳ ನಂತರ ಬಂದು ಸೇಡು ತೀರಿಸಿಕೊಳ್ಳುತ್ತಾನೆ. ತಾನು ಕೊಂದದ್ದು ತಂದೆಯನ್ನು ಎಂಬ ಸತ್ಯ ಕೊಡಲಿ ಬೀಳುವ ಕ್ಷಣದಲ್ಲಿ ಹೊರಬೀಳುತ್ತದೆ. ಆತನೂ ಪ್ರಾಣ ನೀಗುತ್ತಾನೆ.

ಇದರಲ್ಲಿ ನಾಟಕೀಯತೆ ಅತಿಯಾಯಿತೆನ್ನುವುದು ನಿಜ. ಸೆಜೂರ್ ಮುಂದೆ ಪ್ಯಾರಿಸ್ಸಿನ ರಂಗಭೂಮಿಗೆ ನಾಟಕಕಾರನಾದುದರಲ್ಲಿ ಆಶ್ಚರ್ಯವಿಲ್ಲ. ನಮಗೆ ಮುಖ್ಯವಾದ ಅಂಶ ಬೇರೆ. ಕಥೆಯಲ್ಲಿ ಬಿಳಿಯ ಯಜಮಾನನನ್ನು ಮೊಟ್ಟಮೊದಲು ಎದುರಿಸಿ ನಿಂತವಳು ಜೆಲಿ. ಆದರೆ ಅವಳ ಪ್ರತಿಭಟನೆ ಕಥೆಯ ನಡುವೆಯೇ ಮುಗಿದುಹೋಗುತ್ತದೆ. ಉಳಿಯುವುದು ತಂದೆ ಮಗನ ನಡುವಣ ಲೆಕ್ಕಾಚಾರ. ಲೈಸಾ ಹೆತ್ತು ಸತ್ತವಳು, ಜೆಲಿ ಮಾನಕ್ಕಾಗಿ ಸತ್ತವಳು. ಇಬ್ಬರ ಸಾವೂ ಗಂಡಸಿನ ಕೈಯ ಕೊಡಲಿಗೆ ಕಾರಣ ಒದಗಿಸುತ್ತವೆ. ಮುಂದಿನ ಮುಕ್ಕಾಲು ಶತಮಾನ ಈ ಮಾದರಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಆ ಮಾದರಿಗೆ ಹೊರತಾಗಿ ನಿಲ್ಲುವ ಕಥೆ 1859ರಲ್ಲೇ ಬಂದಿತು. ನ್ಯೂಯಾರ್ಕಿನಿಂದ ಹೊರಡುತ್ತಿದ್ದ 'ಆಂಗ್ಲೋ-ಆಫ್ರಿಕನ್ ಮ್ಯಾಗಜೀನ್' ಎಂಬ ಮಾಸಪತ್ರಿಕೆಯಲ್ಲಿ ಫ್ರಾನ್ಸಿಸ್ ಎಲೆನ್ ವಾಟ್ಕಿನ್ಸ್, ಮದುವೆಯ ಅನಂತರ ಹಾರ್ಪರ್ ಎಂದು ಪ್ರಸಿದ್ಧಳಾದ ಕವಯಿತ್ರಿ, 'ದ ಟೂ ಆಫರ್ಸ್' ಎಂಬ ಕಥೆಯನ್ನು ಪ್ರಕಟಿಸಿದಳು. ಕಪ್ಪು ಸ್ತ್ರೀಯೊಬ್ಬಳು ಅಮೆರಿಕದಲ್ಲಿ ಪ್ರಕಟಿಸಿದ ಮೊದಲ ಸಣ್ಣಕಥೆಯೆಂಬ ಮನ್ನಣೆ ಇದಕ್ಕೆ ಸಂದಿದೆ. ಕಥಾವಸ್ತು ಸರಳ. ಲಾರಾ ಎಂಬ ತರುಣಿಗೆ ಇಬ್ಬರು ವರರಿಂದ ವಿವಾಹದ ಪ್ರಸ್ತಾಪ ಬಂದಿದೆ. ಯಾರನ್ನು ಒಪ್ಪಲಿ ಎಂದು ಅವಳ ಚಿಂತೆ. ಹೀಗೆ ತೂಗಿನೋಡುವ ಮನಸ್ಸಿದ್ದರೆ ಇಬ್ಬರನ್ನೂ ಬಿಡುವುದೇ ಲೇಸೆಂದು ಸೋದರಸಂಬಂಧಿ ಜಾನೆಟ್ ಹೇಳುತ್ತಾಳೆ. ಲಾರಾ ಮದುವೆಯಾಗುತ್ತಾಳೆ. ಗಂಡ ಕುಡುಕ, ಜೂಜುಗಾರ, ಮಗು ತೀರಿಕೊಳ್ಳುತ್ತದೆ, ಬಾರದ ಗಂಡನ ದಾರಿಯನ್ನು ನೋಡುತ್ತಲೇ ಅವಳು ಪ್ರಾಣ ಬಿಡುತ್ತಾಳೆ. ಜಾನೆಟ್ ಮದುವೆಯಾಗದೆ ಉಳಿದು, ಲೇಖಕಿಯಾಗಿ, ಗುಲಾಮಗಿರಿಯ ನಿವಾರಣೆಗೆ ದುಡಿಯುತ್ತಾಳೆ.

ಈ ಕಥೆಯ ಮೇಲೆ ಎರಡು ಆಕ್ಷೇಪಗಳಿವೆ. ಕಥೆಗಿಂತ ಉಪದೇಶವೇ ಹೆಚ್ಚೆಂಬುದು ಮೊದಲನೆಯದು. ಇದನ್ನು ಒಪ್ಪಲೇಬೇಕು, ಇಡೀ ಪುಟಗಳು ಉಪನ್ಯಾಸದಂತೆ ಸಾಗುತ್ತವೆ, ಲಾರಾಳ ಗಂಡ ಮನುಷ್ಯನಾಗಿ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಎರಡನೆಯ ಆಕ್ಷೇಪ, ಪಾತ್ರಗಳ ವರ್ಣವನ್ನು ಲೇಖಕಿ ಎಲ್ಲಿಯೂ ಸ್ಪಷ್ಟವಾಗಿ ಸೂಚಿಸಿಲ್ಲ, ಆದುದರಿಂದ ಇದು ವರ್ಣದ ಕಥೆಯಾಗದೆ ಕೇವಲ ಸ್ತ್ರೀನೀತಿಯ ಕಥೆಯಾಯಿತು ಎಂಬುದು. ಇದನ್ನು ನಾನು ಒಪ್ಪಲಾರೆ. ಕಪ್ಪು ಜನರು ಅಮೆರಿಕದ ಪೌರರೇ ಅಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಡ್ರೆಡ್ ಸ್ಕಾಟ್ ಮೊಕದ್ದಮೆಯಲ್ಲಿ ತೀರ್ಪಿತ್ತು ಆಗ ಎರಡೇ ವರ್ಷಗಳಾಗಿದ್ದವು. ದಕ್ಷಿಣದ ಲಕ್ಷಾಂತರ ಕಪ್ಪು ಸ್ತ್ರೀಯರಿಗೆ ಮದುವೆಯ ಪ್ರಸ್ತಾಪವನ್ನು ಒಪ್ಪುವ ಹಕ್ಕೂ ಇರಲಿಲ್ಲ, ನಿರಾಕರಿಸುವ ಹಕ್ಕೂ ಇರಲಿಲ್ಲ. ಗುಲಾಮರ ವಿವಾಹಕ್ಕೆ ಕಾನೂನಿನಲ್ಲಿ ಬೆಲೆಯೇ ಇರಲಿಲ್ಲ. ಅಂಥ ಕಾಲದಲ್ಲಿ, ಕಪ್ಪು ಜನರಿಗಾಗಿ ಕಪ್ಪು ಜನರೇ ನಡೆಸುತ್ತಿದ್ದ ಪತ್ರಿಕೆಯಲ್ಲಿ, ಹೆಣ್ಣು ಇಬ್ಬರನ್ನೂ ಬೇಡವೆನ್ನಬಹುದು ಎಂದು ಬರೆಯುವುದು ವರ್ಣದ ಪ್ರಶ್ನೆಗೆ ಹೊರಗಿನ ಮಾತಲ್ಲ. ಹೆಣ್ಣಿನ 'ಒಲ್ಲೆ' ಎಂಬ ಮಾತಿಗೆ ಅಲ್ಲಿ ಇದ್ದ ಅರ್ಥವನ್ನು ಆ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿರಲಿಲ್ಲ.

ಹಾರ್ಪರಳ ಮುಂದಿನ ಜೀವನದ ಒಂದು ಪ್ರಸಂಗವನ್ನು ಇಲ್ಲಿ ಸೇರಿಸುವುದು ಅಪ್ರಸ್ತುತವಾಗಲಾರದು. 1860ರಲ್ಲಿ ವಿವಾಹವಾಗಿ, 1864ರಲ್ಲಿ ಗಂಡನನ್ನು ಕಳೆದುಕೊಂಡ ಆಕೆ 1866ರಲ್ಲಿ ನ್ಯೂಯಾರ್ಕಿನ ಸ್ತ್ರೀಹಕ್ಕುಗಳ ಸಮ್ಮೇಳನದಲ್ಲಿ ಭಾಷಣ ಮಾಡಿದಳು. ಗಂಡನ ಸಾಲಕ್ಕಾಗಿ ತಾನು ದುಡಿದು ಕೂಡಿಸಿದ್ದ ಹಾಲಿನ ಗಡಿಗೆ, ಬಟ್ಟೆ ಒಗೆಯುವ ತೊಟ್ಟಿಗಳನ್ನು ಸಹ ಅಧಿಕಾರಿ ಎತ್ತಿಕೊಂಡು ಹೋದನೆಂದೂ, ಕನ್ನಡಿಯೊಂದು ಮಾತ್ರ ತನಗೆ ಉಳಿಯಿತೆಂದೂ ಹೇಳಿದಳು. ಅದೇ ಭಾಷಣದಲ್ಲಿ ಬಿಳಿಯ ಸ್ತ್ರೀಯರನ್ನು ಕುರಿತು, ನೀವು ಹಕ್ಕುಗಳನ್ನು ಕೇಳುತ್ತಿದ್ದೀರಿ, ನಾನು ಅನ್ಯಾಯಗಳನ್ನು ಹೇಳಬೇಕಾಗಿದೆ ಎಂಬರ್ಥದ ಮಾತನ್ನು ಆಡಿದಳು. ಹೆಣ್ಣೆಂದು ತೊಟ್ಟಿ ಹೋಯಿತು. ಕಪ್ಪು ಹೆಣ್ಣೆಂದು ಟ್ರಾಮ್ ಗಾಡಿಯಲ್ಲಿ ಕುಳಿತುಕೊಳ್ಳುವ ಜಾಗವೂ ಹೋಯಿತು. ಈ ಎರಡು ನಷ್ಟಗಳನ್ನು ಆಕೆ ಬೇರೆ ಬೇರೆ ಭಾಷಣಗಳಲ್ಲಿ ಹೇಳಲಿಲ್ಲ.

ಇನ್ನು ಚಾರ್ಲ್ಸ್ ಚೆಸ್ನಟ್. 1858ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಹುಟ್ಟಿ, ಉತ್ತರ ಕೆರೊಲಿನಾದ ಫಯೆಟ್‌ವಿಲ್ಲಿನಲ್ಲಿ ಬೆಳೆದು, ಶೀಘ್ರಲಿಪಿಕಾರನಾಗಿ ವಕೀಲನಾಗಿ ಜೀವನ ಸಾಗಿಸಿದ ಈತ ಆ ಸಾಹಿತ್ಯದ ಮೊದಲ ದೊಡ್ಡ ಕಥೆಗಾರ. ಕಲೆಗಾರಿಕೆಯಲ್ಲಿ ಈತನಿಗೆ ಸಮನಾದವರು ಈತನ ತಲೆಮಾರಿನಲ್ಲಿ ಇಲ್ಲ. 1899ರಲ್ಲಿ ಈತನ ಎರಡು ಕಥಾಸಂಗ್ರಹಗಳು ಬಂದವು. ಮೊದಲನೆಯದಾದ 'ದ ಕಾಂಜ್ಯೂರ್ ವುಮನ್' ಸಂಗ್ರಹದಲ್ಲಿ ಕಥೆ ಹೇಳುವವನು ಹಿಂದೆ ಗುಲಾಮನಾಗಿದ್ದ ಮುದುಕ ಜೂಲಿಯಸ್. ಕೇಳುವವರು ಉತ್ತರದಿಂದ ಬಂದು ತೋಟ ಕೊಂಡ ಬಿಳಿಯ ದಂಪತಿಗಳಾದ ಜಾನ್ ಮತ್ತು ಆನಿ. 'ಪೋರ್ ಸ್ಯಾಂಡಿ' ಎಂಬ ಕಥೆಯನ್ನು ನೋಡಿ. ಯಜಮಾನ ಸ್ಯಾಂಡಿಯನ್ನು ಆ ತೋಟಕ್ಕೆ ಒಂದು ತಿಂಗಳು, ಈ ತೋಟಕ್ಕೆ ಒಂದು ತಿಂಗಳು ಎಂದು ಎರವಲು ಕೊಡುತ್ತಿರುತ್ತಾನೆ. ಅವನು ಇಲ್ಲದಾಗ ಅವನ ಮೊದಲ ಹೆಂಡತಿಯನ್ನು ಮಾರಿಯೂ ಬಿಟ್ಟಿದ್ದಾನೆ. ಎರಡನೆಯ ಹೆಂಡತಿ ಟೆನಿ ಮಂತ್ರ ಬಲ್ಲವಳು. ಗಂಡ ಒಂದೇ ಕಡೆ ನಿಲ್ಲುವಂತಾಗಲೆಂದು ಅವನನ್ನು ಮರವನ್ನಾಗಿ ಮಾಡುತ್ತಾಳೆ. ಅವಳನ್ನು ರೋಗಿಯ ಆರೈಕೆಗೆಂದು ಬೇರೆ ಕಡೆ ಕಳುಹಿಸಿದಾಗ ಮರವನ್ನು ಕಡಿದು, ಗರಗಸಕ್ಕೆ ಕೊಟ್ಟು, ಹಲಗೆ ಮಾಡಿ, ಯಜಮಾನನ ಅಡುಗೆಮನೆಗೆ ಹಾಕುತ್ತಾರೆ. ಟೆನಿ ಹುಚ್ಚಿಯಾಗಿ ಆ ಹಲಗೆಗಳ ಮನೆಯಲ್ಲೇ ಸಾಯುತ್ತಾಳೆ.

ಕಥೆ ಕೇಳಿದ ಜಾನ್ ಇದನ್ನು ಅಜ್ಜನ ಕಟ್ಟುಕಥೆಯೆಂದು ನಗುತ್ತಾನೆ. ಆನಿಗೆ ಮಾತ್ರ ಮಂತ್ರದ ಹಿಂದಿರುವ ಸತ್ಯ ಕಾಣುತ್ತದೆ. ಅವಳು ಟೆನಿಗಾಗಿ ಮರುಗುತ್ತಾಳೆ. 'ಸಿಸ್ ಬೆಕಿ'ಯ ಕಥೆಯಲ್ಲಿಯೂ ಹೀಗೆಯೇ. ಅಲ್ಲಿ ತಾಯಿಯೊಬ್ಬಳನ್ನು ಪಂದ್ಯದ ಕುದುರೆಯೊಂದಕ್ಕೆ ಬದಲಾಗಿ ಕೊಟ್ಟುಬಿಡುತ್ತಾರೆ, ಎಳೆಯ ಮಗುವನ್ನು ಇಲ್ಲಿಯೇ ಉಳಿಸಿಕೊಂಡು. ಗಂಡ ಕೇಳುವುದು ಕಟ್ಟುಕಥೆಯನ್ನು, ಹೆಂಡತಿ ಕೇಳುವುದು ತಾಯಿಯ ಅಳಲನ್ನು. ವರ್ಣದ ಗೋಡೆಯ ಆಚೆಗೂ ಹೆಣ್ಣು ಹೆಣ್ಣಿನ ನೋವನ್ನು ಕೇಳಬಲ್ಲಳೆಂದು ಚೆಸ್ನಟ್ ಸೂಚಿಸುವಂತಿದೆ. ಆದರೆ ಆತ ಭಾವುಕನಲ್ಲ. ಆನಿಯ ಕರುಣೆಯಿಂದ ಆದ ಪ್ರಯೋಜನವೇನು ನೋಡಿ: ಹೊಸ ಅಡುಗೆಮನೆಗೆ ಹಳೆಯ ಹಲಗೆ ಬೇಡವೆನ್ನುತ್ತಾಳೆ, ಆ ಹಲಗೆಗಳಿದ್ದ ಹಳೆಯ ಶಾಲೆಯ ಕಟ್ಟಡ ಜೂಲಿಯಸನ ಕಡೆಯವರ ಪ್ರಾರ್ಥನೆಗೆ ದೊರೆಯುತ್ತದೆ. ಕರುಣೆಯನ್ನು ಕೆಲಸಕ್ಕೆ ಹಚ್ಚುವ ಜಾಣತನ ಮುದುಕನದು. ಟೆನಿಗೆ ಅದರಿಂದ ಏನೂ ಆಗಲಿಲ್ಲ.

ಚೆಸ್ನಟ್ಟನ ಅತ್ಯಂತ ಪ್ರಸಿದ್ಧ ಕಥೆ 'ದ ವೈಫ್ ಆಫ್ ಹಿಸ್ ಯೂತ್'. 1898ರಲ್ಲಿ 'ಅಟ್ಲಾಂಟಿಕ್ ಮಂತ್ಲಿ'ಯಲ್ಲಿ ಅಚ್ಚಾದ ಇದನ್ನು ಅಂದಿನ ಹಿರಿಯ ವಿಮರ್ಶಕ ವಿಲಿಯಂ ಡೀನ್ ಹೊವೆಲ್ಸನೂ ಮೆಚ್ಚಿಕೊಂಡನು. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಇದನ್ನು ಓದುವ ರೂಢಿಯಲ್ಲಿಯೇ ಒಂದು ತೊಡಕಿದೆ. ಉತ್ತರದ ಒಂದು ನಗರದಲ್ಲಿ ಮಿಶ್ರವರ್ಣದ ಗಣ್ಯರ ಸಂಘವೊಂದಿದೆ. ಕೈಯ ನೀಲಿ ನರ ಕಾಣುವಷ್ಟು ತಿಳಿಬಣ್ಣದವರಿಗೆ ಮಾತ್ರ ಅಲ್ಲಿ ಪ್ರವೇಶವೆಂದು ಹೊರಗಿನವರು ಅದಕ್ಕೆ 'ಬ್ಲೂ ವೇನ್' ಸಂಘವೆಂದು ಹೆಸರಿಟ್ಟಿದ್ದಾರೆ. ಅದರ ಹಿರಿಯ ಶ್ರೀ ರೈಡರ್. ವಾಷಿಂಗ್ಟನ್ನಿನಿಂದ ಬಂದಿರುವ, ತನಗಿಂತಲೂ ಬಿಳುಪಾದ, ವಿದ್ಯಾವತಿಯಾದ ವಿಧವೆ ಶ್ರೀಮತಿ ಡಿಕ್ಸನ್ನಳನ್ನು ವರಿಸಬೇಕೆಂದು ಆತನ ಸಂಕಲ್ಪ. ಅವಳ ಗೌರವಾರ್ಥ ಔತಣವನ್ನೂ ಏರ್ಪಡಿಸಿದ್ದಾನೆ. ಮಿಶ್ರವರ್ಣದವರು ಒಂದೋ ಬಿಳಿಯರಲ್ಲಿ ಕರಗಬೇಕು, ಇಲ್ಲವೆ ಕಪ್ಪಿನಲ್ಲಿ ಅಳಿಯಬೇಕು, ಮೊದಲನೆಯದೇ ಮೇಲು ಎಂಬುದು ಆತನ ಮತ. ಎಂದರೆ ಆತನ ವಿವಾಹ ಕೇವಲ ಪ್ರಣಯವಲ್ಲ, ಬಿಳುಪಿನತ್ತ ಒಂದು ಮೆಟ್ಟಿಲು. ಹೆಂಡತಿಯ ಮೈಬಣ್ಣ ಆ ಮೆಟ್ಟಿಲಿನ ಕಲ್ಲು.

ಔತಣದ ದಿನ ಆತ ಟೆನಿಸನ್ನನ ಕವಿತೆಗಳನ್ನು ಓದುತ್ತ ಕುಳಿತಿರುವಾಗ ಕಡುಕಪ್ಪಾದ ಮುದುಕಿಯೊಬ್ಬಳು ಬರುತ್ತಾಳೆ. ಹೆಸರು ಲೈಜಾ ಜೇನ್. ಇಪ್ಪತ್ತೈದು ವರ್ಷಗಳಿಂದ ತನ್ನ ಗಂಡ ಸ್ಯಾಮ್ ಟೇಲರನನ್ನು ಊರೂರು ಅರಸುತ್ತಿದ್ದಾಳೆ. ಅಂತರ್ಯುದ್ಧಕ್ಕೆ ಮುಂಚೆ, ಸ್ವತಂತ್ರನಾಗಿ ಹುಟ್ಟಿದ್ದರೂ ಆತನನ್ನು ಮಾರಲು ಯಜಮಾನ ಹೊಂಚಿದಾಗ, ಇವಳೇ ಮುನ್ನೆಚ್ಚರಿಕೆ ಕೊಟ್ಟು ಆತನನ್ನು ಓಡಿಸಿದವಳು. ಅದಕ್ಕಾಗಿ ಚಾಟಿಯೇಟು ತಿಂದು, ಮಾರಲ್ಪಟ್ಟವಳು. ಕೊರಳಿನಲ್ಲಿ ಆತನ ಹಳೆಯ ಭಾವಚಿತ್ರವಿದೆ. ಗುಲಾಮರ ಮದುವೆ ಯುದ್ಧಾನಂತರ ಪುನಃ ದೃಢಪಡಿಸದಿದ್ದರೆ ಊರ್ಜಿತವಲ್ಲವೆಂದು ರೈಡರ್ ಹೇಳುತ್ತಾನೆ. ಆತ ಸತ್ತಿರಬಹುದು, ಬೇರೆ ಮದುವೆಯಾಗಿರಬಹುದು, ನಿನ್ನನ್ನು ಮೀರಿ ಬೆಳೆದಿರಬಹುದು ಎನ್ನುತ್ತಾನೆ. ಅವಳ ನಂಬಿಕೆ ಅಲುಗುವುದಿಲ್ಲ. ಅವಳು ಹೋದ ಮೇಲೆ ಆತ ಕನ್ನಡಿಯಲ್ಲಿ ತನ್ನ ಮುಖವನ್ನು ಬಹಳ ಹೊತ್ತು ನೋಡುತ್ತಾನೆ. ರಾತ್ರಿ ಔತಣದಲ್ಲಿ ಈ ಕಥೆಯನ್ನು ಪರರ ಕಥೆಯೆಂಬಂತೆ ಹೇಳಿ, ಆ ಗಂಡ ಏನು ಮಾಡಬೇಕೆಂದು ಕೇಳುತ್ತಾನೆ. ಅವಳನ್ನು ಒಪ್ಪಿಕೊಳ್ಳಬೇಕಾಗಿತ್ತೆಂದು ಮೊದಲು ಹೇಳುವವಳು ಶ್ರೀಮತಿ ಡಿಕ್ಸನ್. ಆಗ ರೈಡರ್ ಒಳಗಿನ ಕೋಣೆಯಿಂದ ಮುದುಕಿಯನ್ನು ಕೈಹಿಡಿದು ಕರೆತಂದು, ತನ್ನ ಯೌವನದ ಹೆಂಡತಿಯೆಂದು ಸಭೆಗೆ ಪರಿಚಯಿಸುತ್ತಾನೆ.

ಸಾಮಾನ್ಯವಾಗಿ ಇದನ್ನು ಧರ್ಮಪರೀಕ್ಷೆಯ ಕಥೆಯಾಗಿ ಓದುತ್ತಾರೆ: ಬಿಳುಪಿನ ಆಸೆಯ ಎದುರು ಋಣ ಗೆದ್ದಿತು, ರೈಡರ್ ಪರೀಕ್ಷೆಯಲ್ಲಿ ಉತ್ತೀರ್ಣನಾದನು ಎಂದು. ಅದು ತಪ್ಪಲ್ಲ. 1865ರ ನಂತರ ದಶಕಗಳ ಕಾಲ ಕಪ್ಪು ಜನರ ಪತ್ರಿಕೆಗಳಲ್ಲಿ ಮಾರಾಟದಿಂದ ಅಗಲಿದ ಗಂಡ, ಹೆಂಡತಿ, ಮಕ್ಕಳನ್ನು ಅರಸುವ ಪ್ರಕಟಣೆಗಳು ಅಚ್ಚಾಗುತ್ತಿದ್ದುದನ್ನು ನೆನೆದರೆ, ಕಥೆಯ ಅಂತ್ಯ ಎಷ್ಟು ಮನೆಗಳ ಹಂಬಲಕ್ಕೆ ಉತ್ತರವಾಗಿದ್ದೀತೆಂದು ಊಹಿಸಬಹುದು. ಆದರೆ ಲೈಜಾ ಜೇನಳ ಕಡೆಯಿಂದ ಕಥೆಯನ್ನು ಮತ್ತೊಮ್ಮೆ ಓದಬೇಕು. ಮೊದಲರ್ಧದಲ್ಲಿ ಅವಳು ತಾನೇ ಮಾತನಾಡುತ್ತಾಳೆ, ತನ್ನದೇ ಆಡುನುಡಿಯಲ್ಲಿ. ಸಂಜೆಯ ಸಭೆಯಲ್ಲಿ ಆ ಕಥೆಯನ್ನು ಅದೇ ಆಡುನುಡಿಯಲ್ಲಿ ರೈಡರ್ ಹೇಳುತ್ತಾನೆ. ಆ ನುಡಿ ಆತನ ನಾಲಗೆಗೆ ಸಲೀಸಾಗಿ ಬರುತ್ತದೆಂದು ಲೇಖಕ ಸೂಕ್ಷ್ಮವಾಗಿ ತಿಳಿಸುತ್ತಾನೆ. ಆತ ಮರೆಮಾಚಿದ್ದ ಹುಟ್ಟು ಮರಳಿ ಬಾಯಿಗೆ ಬಂದ ಈ ಗಳಿಗೆ ಕಥೆಯಲ್ಲೇ ಅತ್ಯುತ್ತಮವಾದುದು. (ಇದನ್ನು ಕನ್ನಡಕ್ಕೆ ತರುವವರ ಪಾಡು ಕಷ್ಟ. ನಮ್ಮ ಯಾವುದೋ ಸೀಮೆಯ ಮಾತನ್ನು ಅವಳ ಬಾಯಲ್ಲಿಟ್ಟರೆ ಅವಳು ಆ ಸೀಮೆಯವಳಾಗಿಬಿಡುತ್ತಾಳೆ. ಗ್ರಂಥಭಾಷೆಯನ್ನಿಟ್ಟರೆ ರೈಡರನ ನಾಲಗೆಗೆ ಮರಳಿ ಬರಲು ಏನೂ ಉಳಿಯುವುದಿಲ್ಲ.) ಆದರೆ ಅವಳ ನುಡಿ ಆತನದಾದ ಕ್ಷಣದಿಂದ ಅವಳಿಗೆ ನುಡಿಯಿಲ್ಲ. ಬೂದುಬಣ್ಣದ ಉಡುಪಿನಲ್ಲಿ, ಬಿಳಿಯ ಟೊಪ್ಪಿಗೆಯಲ್ಲಿ, ಬೆಳಕಿನ ಸಭೆಯಲ್ಲಿ ಬೆಚ್ಚಿ ನಡುಗುತ್ತ ನಿಂತ ಅವಳು ಒಂದು ಮಾತನ್ನೂ ಆಡದೆ ಕಥೆ ಮುಗಿಯುತ್ತದೆ. ಆತನೇ ಸ್ಯಾಮ್ ಎಂದು ಅವಳಿಗೆ ಮೊದಲೇ ತಿಳಿಸಿದ್ದಾನೆಯೇ ಎಂಬುದನ್ನು ಕೂಡ ಕಥೆ ಹೇಳುವುದಿಲ್ಲ. ಆತನನ್ನು ಓಡಿಸಿ ಉಳಿಸಿದ ಮೊದಲ ನಿರ್ಧಾರ ಅವಳದಾಗಿತ್ತು. ಕೊನೆಯ ನಿರ್ಧಾರ ಆತನದು, ಆತನ ಗೆಳೆಯರದು. ಇದನ್ನು ಚೆಸ್ನಟ್ಟನ ಕೊರತೆಯೆನ್ನಬೇಕೋ, ಆತ ಬೇಕೆಂದೇ ಬಿಟ್ಟ ಮೌನವೆನ್ನಬೇಕೋ? ಆ ಬೆಚ್ಚುವಿಕೆಯನ್ನು ಆತ ಅಳಿಸಿಹಾಕದೆ ಉಳಿಸಿರುವುದರಿಂದ, ಆತನಿಗೆ ಅದು ಕಂಡಿತ್ತು ಎಂದೇ ನನ್ನ ಅನಿಸಿಕೆ.

'ದ ಷರೀಫ್ಸ್ ಚಿಲ್ಡ್ರನ್' ಕಥೆಯಲ್ಲಿ ಹೆಣ್ಣಿನ ಮೌನ ಇನ್ನೂ ಪೂರ್ಣ. ಕೊಲೆಯ ಆರೋಪ ಹೊತ್ತ ಮಿಶ್ರವರ್ಣದ ಯುವಕನೊಬ್ಬನನ್ನು ಗುಂಪಿನಿಂದ ಕಾಪಾಡಿದ ಬಿಳಿಯ ಷರೀಫನಿಗೆ ಆ ಯುವಕ ತನ್ನ ಮಗನೆಂದು ತಿಳಿಯುತ್ತದೆ. ಹಿಂದೆ ತಾಯಿ ಸಿಸಿಲಿಯೊಡನೆ ಮಾರಿಬಿಟ್ಟಿದ್ದ ಮಗ. ತಂದೆಯನ್ನು ಉಳಿಸಲೆಂದು ಷರೀಫನ ಮಗಳು ತಿಳಿಯದೆಯೇ ಅಣ್ಣನ ಮೇಲೆ ಗುಂಡು ಹಾರಿಸುತ್ತಾಳೆ. ರಾತ್ರಿ ಅವನು ಗಾಯದ ಪಟ್ಟಿಯನ್ನು ತಾನೇ ಕಿತ್ತು ಸಾಯುತ್ತಾನೆ. 1662ರ ಶಾಸನಕ್ಕೆ ಇದಕ್ಕಿಂತ ನೇರವಾದ ಕಥಾರೂಪ ಸಿಗಲಾರದು. ಆದರೆ ಸಿಸಿಲಿ ಕಥೆಯೊಳಗೆ ಬರುವುದೇ ಇಲ್ಲ. ಮಗನ ಬಾಯಲ್ಲಿ ಒಂದು ಹೆಸರಾಗಿ ಮಾತ್ರ ಬರುತ್ತಾಳೆ.

ಪಾಲ್ ಲಾರೆನ್ಸ್ ಡನ್‌ಬಾರ್ 1904ರಲ್ಲಿ ಪ್ರಕಟಿಸಿದ 'ದ ಲಿಂಚಿಂಗ್ ಆಫ್ ಜೂಬ್ ಬೆನ್ಸನ್' ಇನ್ನೊಂದು ಮುಖವನ್ನು ತೋರಿಸುತ್ತದೆ. ಬಿಳಿಯ ತರುಣಿಯ ಮಾನರಕ್ಷಣೆಯ ಹೆಸರಿನಲ್ಲಿ ನಿರಪರಾಧಿಯಾದ ಕಪ್ಪು ಸೇವಕನನ್ನು ಗುಂಪು ನೇಣಿಗೇರಿಸುತ್ತದೆ. ನಿಜವಾದ ಕೊಲೆಗಾರ ಮುಖಕ್ಕೆ ಮಸಿ ಬಳಿದುಕೊಂಡಿದ್ದ ಬಿಳಿಯನು. ಇಂಥ ಆರೋಪಗಳು ಹಲವೆಡೆ ಕೇವಲ ನೆಪಗಳೆಂದು 1892ರಲ್ಲಿಯೇ ಬರೆದಿದ್ದ ಐಡಾ ಬಿ. ವೆಲ್ಸ್ ಎಂಬ ಪತ್ರಕರ್ತೆಯ ಮೆಂಫಿಸಿನ ಮುದ್ರಣಾಲಯವನ್ನು ಬಿಳಿಯರು ಧ್ವಂಸ ಮಾಡಿದ್ದರು. ಬಿಳಿಯ ಹೆಣ್ಣು ನೆಪ, ಕಪ್ಪು ಹೆಣ್ಣು ಸಾಧನ: ಆ ವ್ಯವಸ್ಥೆಯಲ್ಲಿ ಇಬ್ಬರಿಗೂ ಮಾತಿರಲಿಲ್ಲ.

ಡನ್‌ಬಾರನ ಪತ್ನಿ ಆಲಿಸ್, ಮುಂದೆ ಆಲಿಸ್ ಡನ್‌ಬಾರ್-ನೆಲ್ಸನ್ ಎಂದು ಹೆಸರಾದವಳು, 1899ರ ಸಂಗ್ರಹದಲ್ಲಿ 'ಸಿಸ್ಟರ್ ಜೋಸೆಫಾ' ಎಂಬ ಚಿಕ್ಕ ಕಥೆಯನ್ನು ಬರೆದಳು. ನಮ್ಮ ವಾಚಕರಿಗೆ ಇದು ವಿಶೇಷವಾಗಿ ರುಚಿಸೀತು. ನ್ಯೂ ಆರ್ಲಿಯನ್ಸಿನ ಕ್ರೈಸ್ತ ಸಂನ್ಯಾಸಿನಿಯರ ಮಠದಲ್ಲಿ ಬೆಳೆದ, ಕುಲಗೋತ್ರವಿಲ್ಲದ ಕಂದುಬಣ್ಣದ ಅನಾಥೆ ಕಮೀಲ್. ದತ್ತು ಪಡೆಯಲು ಬಂದ ದಂಪತಿಗಳಲ್ಲಿ ಗಂಡನ ನೋಟ ಅವಳ ಮೈಮೇಲೆ ಹರಿದಾಗ ಅಂಜಿ, ಹೋಗಲೊಲ್ಲೆನೆಂದು, ಸಂನ್ಯಾಸವನ್ನೇ ಆರಿಸಿಕೊಳ್ಳುತ್ತಾಳೆ. ವರ್ಷಗಳ ಮೇಲೆ ಹೊರಗಿನ ಲೋಕದ ಕರೆ ಕೇಳಿ ಓಡಿಹೋಗಬೇಕೆನ್ನುವಾಗ, ಹೆಸರಿಲ್ಲದ ರೂಪವತಿಗೆ ಹೊರಗೆ ಏನು ಕಾದಿದೆಯೆಂದು ಹಿರಿಯ ಸೋದರಿಯರು ಆಡಿಕೊಳ್ಳುವ ಮಾತು ಕಿವಿಗೆ ಬಿದ್ದು, ಉಳಿದುಬಿಡುತ್ತಾಳೆ. ಅವಳದು ವೈರಾಗ್ಯವಲ್ಲ. ಹೊರಗಿನ ಬಾಗಿಲುಗಳೆಲ್ಲ ಒಂದೇ ಕಡೆಗೆ ತೆರೆಯುವವೆಂದು ತಿಳಿದ ಮೇಲೆ ಒಳಗೆ ಉಳಿಯುವುದು ಅವಳಿಗೆ ಇದ್ದ ಒಂದೇ ನಿರ್ಧಾರ. ವರ್ಣವೆಂಬ ಪದವನ್ನೇ ಹೆಚ್ಚು ಬಳಸದೆ ಲೇಖಕಿ ಇದನ್ನು ಸಾಧಿಸುತ್ತಾಳೆ. ಮಠದ ದೀಕ್ಷೆಯನ್ನು ಆಶ್ರಯವನ್ನಾಗಿ ಮಾಡಿಕೊಳ್ಳಬೇಕಾದವರ ಸಂಕಟವನ್ನು ಇಷ್ಟು ಸಂಯಮದಿಂದ ಹೇಳಿದ ಕಥೆಗಳು ವಿರಳ.

ಈ ಪರಂಪರೆಯಲ್ಲಿ ಓದಲು ಅತಿ ಕಠಿಣವಾದುದು ಆಂಜೆಲಿನಾ ವೆಲ್ಡ್ ಗ್ರಿಂಕಿಯ 'ದ ಕ್ಲೋಸಿಂಗ್ ಡೋರ್'. ಲೇಖಕಿಯ ವಂಶವನ್ನು ಮೊದಲು ತಿಳಿದಿರಬೇಕು. ಈಕೆಯ ತಂದೆ ಆರ್ಚಿಬಾಲ್ಡ್, ಚಾರ್ಲ್ಸ್‌ಟನ್ನಿನ ಬಿಳಿಯ ಯಜಮಾನ ಹೆನ್ರಿ ಗ್ರಿಂಕಿಗೆ ಗುಲಾಮಳಾಗಿದ್ದ ನ್ಯಾನ್ಸಿ ವೆಸ್ಟನ್ನಳಲ್ಲಿ 1849ರಲ್ಲಿ ಹುಟ್ಟಿದವನು. ತಾಯಿಯ ಸ್ಥಿತಿಯಂತೆ ಗುಲಾಮನಾಗಿ ಹುಟ್ಟಿದ ಆತನನ್ನು ಮುಂದೆ ಸ್ವಂತ ಮಲಸಹೋದರನೇ ಆಳಾಗಿ ದುಡಿಸಿಕೊಂಡನು. ಅದೇ ಹೆನ್ರಿಯ ಸೋದರಿಯರಾದ ಸಾರಾ ಮತ್ತು ಆಂಜೆಲಿನಾ ಗುಲಾಮಗಿರಿಯ ವಿರುದ್ಧವೂ ಸ್ತ್ರೀಯರ ಹಕ್ಕಿಗಾಗಿಯೂ ಹೋರಾಡಿ ಪ್ರಸಿದ್ಧರಾದವರು. ಈಕೆಯ ಹೆಸರು ಆ ಅಜ್ಜಿಯದು. ಎಂದರೆ ಈಕೆ ಬರೆಯಲು ಕುಳಿತಾಗ 1662ರ ಕಾಯಿದೆ ಪುಸ್ತಕದ ವಿಷಯವಾಗಿರಲಿಲ್ಲ, ಮನೆಯ ವಿಷಯವಾಗಿತ್ತು.

ಕಥೆ 1919ರಲ್ಲಿ, ಸಂತಾನ ನಿಯಂತ್ರಣದ ಪ್ರಚಾರಕ್ಕೆಂದು ಮಾರ್ಗರೆಟ್ ಸ್ಯಾಂಗರ್ ಹೊರಡಿಸುತ್ತಿದ್ದ 'ಬರ್ತ್ ಕಂಟ್ರೋಲ್ ರಿವ್ಯೂ' ಪತ್ರಿಕೆಯಲ್ಲಿ ಪ್ರಕಟವಾಯಿತು. ಉತ್ತರದ ನಗರದಲ್ಲಿ ಗಂಡ ಜಿಮ್‌ನೊಡನೆ ಸುಖವಾಗಿರುವ ಆಗ್ನೆಸ್ ಬಸುರಿ. ಅವಳಿಗೆ ಎಷ್ಟು ಸಂತೋಷವೆಂದರೆ, ಅದನ್ನು ಬಾಯಿಬಿಟ್ಟು ಆಡಲೂ ಅಂಜುತ್ತಾಳೆ. ಕಥೆಯನ್ನು ಹೇಳುವವಳು ಆ ಮನೆಯಲ್ಲಿ ಆಶ್ರಯ ಪಡೆದ ಲೂಸಿ ಎಂಬ ಹುಡುಗಿ. ಆಗ್ನೆಸಳ ಸಹೋದರ ಬಾಬ್ ಮಿಸಿಸಿಪ್ಪಿಯಲ್ಲಿ ಬಿಳಿಯರ ಗುಂಪಿಗೆ ಬಲಿಯಾದ ಸುದ್ದಿ, ಅವಳಿಗೆ ತಿಳಿಯದಿರಲೆಂದು ಬಚ್ಚಿಟ್ಟರೂ, ಕಿವಿಗೆ ಬೀಳುತ್ತದೆ. ಅಂದಿನಿಂದ ಅವಳು ಬೇರೆಯೇ ಆಗುತ್ತಾಳೆ. ಗುಂಪಿಗೆ ಆಹುತಿ ಕೊಡುವುದಕ್ಕೆ ಮಕ್ಕಳನ್ನು ಹೆರುವ ಒಂದು ಉಪಕರಣ ತಾನೆಂಬ ಭಾವನೆ ಅವಳನ್ನು ಹಿಡಿಯುತ್ತದೆ. ಗಂಡುಮಗು ಹುಟ್ಟುತ್ತದೆ, ಅವಳು ಅದನ್ನು ನೋಡಲೂ ಒಲ್ಲಳು. ಒಂದು ರಾತ್ರಿ ಅವಳ ಕೈಯಿಂದಲೇ ಮಗು ಉಸಿರು ಕಟ್ಟಿ ಸಾಯುತ್ತದೆ.

ಇದನ್ನು ಹುಚ್ಚಿನ ಕಥೆಯೆಂದು ತಳ್ಳಿಹಾಕುವುದು ಸುಲಭ, ಪಾಪದ ಕಥೆಯೆಂದು ತಳ್ಳಿಹಾಕುವುದು ಇನ್ನೂ ಸುಲಭ. ಆ ಪತ್ರಿಕೆಯ ಧ್ಯೇಯಕ್ಕೆ ಒಪ್ಪುವ ಪ್ರಚಾರಕಥೆಯೆಂದವರೂ ಉಂಟು. ಈ ಕೊನೆಯ ಮಾತು ಕಥೆಗೆ ಅನ್ಯಾಯ ಮಾಡುತ್ತದೆ. ಮಗು ಬೇಡವೆಂದವಳಲ್ಲ ಆಗ್ನೆಸ್, ಬಹಳವಾಗಿ ಬೇಕೆಂದವಳು. ಕಥೆಯ ಅರ್ಧದಷ್ಟು ಭಾಗವನ್ನು ಲೇಖಕಿ ಅವಳ ಸಂತೋಷಕ್ಕೇ ಮೀಸಲಿಟ್ಟಿರುವುದು ಇದಕ್ಕಾಗಿಯೇ. ಸೆಜೂರನಲ್ಲಿ ತಾಯಂದಿರು ಸತ್ತು ಕಾರಣವಾದರು, ಚೆಸ್ನಟ್ಟನಲ್ಲಿ ಸಾಕ್ಷಿಯಾದರು. ಇಲ್ಲಿ ತಾಯಿ ತಾನೇ ತೀರ್ಪು ಕೊಟ್ಟಿದ್ದಾಳೆ. ಗುಲಾಮಗಿರಿ ಮುಗಿದು ಅರ್ಧಶತಮಾನ ಕಳೆದಿದ್ದರೂ, ತನ್ನ ಗರ್ಭ ಇನ್ನೂ ಬೇರೆಯವರ ವಶದಲ್ಲಿದೆಯೆಂಬ ಅರಿವಿನಿಂದ ಬಂದ ತೀರ್ಪು ಅದು. ಅದು ನ್ಯಾಯವೆಂದು ಗ್ರಿಂಕಿ ಎಲ್ಲಿಯೂ ಹೇಳುವುದಿಲ್ಲ. ಅದನ್ನು ನೋಡಿ ತತ್ತರಿಸುವ ಲೂಸಿಯ ಕಣ್ಣಿನಿಂದಲೇ ನಮಗೆ ತೋರಿಸುತ್ತಾಳೆ. ಶ್ರೋತೃವಿನ ಕಣ್ಣೀರನ್ನು ಬೇಡುವ ಅತಿಭಾವುಕತೆ ಕೆಲವು ಕಡೆ ಇದೆ, ಆಶ್ಚರ್ಯಸೂಚಕ ಚಿಹ್ನೆಗಳು ಹೆಚ್ಚಾಗಿವೆ, ನಿಜ. ಆದರೆ ಚೆಸ್ನಟ್ಟನ ಸಂಯಮಕ್ಕೆ ಸಾಧ್ಯವಾಗದ ಸ್ಥಳಕ್ಕೆ ಈ ಕಥೆ ಹೋಗುತ್ತದೆ.

ಕೊನೆಯದಾಗಿ 1926ರ 'ಸ್ವೆಟ್'. ಒಂದೇ ಸಂಚಿಕೆ ಕಂಡು ನಿಂತುಹೋದ 'ಫೈರ್!!' ಪತ್ರಿಕೆಯಲ್ಲಿ ಜೋರಾ ನೀಲ್ ಹರ್ಸ್ಟನ್ ಇದನ್ನು ಪ್ರಕಟಿಸಿದಳು. ಫ್ಲೋರಿಡಾದ ಕಪ್ಪು ಜನರ ಊರಿನಲ್ಲಿ ಡೀಲಿಯಾ ಬಿಳಿಯರ ಬಟ್ಟೆ ಒಗೆದು ಹದಿನೈದು ವರ್ಷ ಮನೆ ನಡೆಸಿದ್ದಾಳೆ. ಮನೆಯೂ ಅವಳ ಬೆವರಿನದೇ. ಗಂಡ ಸೈಕ್ಸ್ ಅವಳನ್ನು ಹೊಡೆಯುತ್ತಾನೆ, ಬೇರೆ ಹೆಣ್ಣನ್ನು ಇಟ್ಟುಕೊಂಡಿದ್ದಾನೆ, ಬಿಳಿಯರ ಬಟ್ಟೆ ತನ್ನ ಮನೆಯಲ್ಲಿ ಕೂಡದೆಂದು ಗರ್ಜಿಸುತ್ತಾನೆ. ಬಿಳಿಯರು ಈ ಕಥೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಅವರ ಮೈಲಿಗೆ ಬಟ್ಟೆಯ ರಾಶಿ ಮಾತ್ರ ನಡುಮನೆಯಲ್ಲಿ ಬಿದ್ದಿದೆ. ಅವರ ಮೇಲೆ ತೋರಿಸಲಾಗದ ಸಿಟ್ಟನ್ನು ಸೈಕ್ಸ್ ಆ ಬಟ್ಟೆಯ ಮೇಲೆ, ಅದನ್ನು ಒಗೆಯುವವಳ ಮೇಲೆ ತೋರಿಸುತ್ತಾನೆ. ಹೊರಗಿನ ವರ್ಣಸಂಘರ್ಷ ಮನೆಯೊಳಗೆ ಬಂದು ಹೇಗೆ ರೂಪ ಬದಲಿಸುತ್ತದೆಂಬುದಕ್ಕೆ ಆ ಬಟ್ಟೆಯ ಗಂಟಿಗಿಂತ ಹೆಚ್ಚಿನ ವ್ಯಾಖ್ಯಾನ ಬೇಕಾಗಿಲ್ಲ. ಕಪ್ಪು ಗಂಡಸಿನ ಕ್ರೌರ್ಯವನ್ನು ಬರೆದರೆ ಬಿಳಿಯರ ಕೈಗೆ ಅಸ್ತ್ರ ಕೊಟ್ಟಂತಾಗುವುದೆಂಬ ಅಂಜಿಕೆ ಆ ಕಾಲದ ಬರಹಗಾರರಲ್ಲಿ ಇದ್ದೇ ಇತ್ತು. ಹರ್ಸ್ಟನ್ ಅದಕ್ಕೆ ಕಿವಿಗೊಡಲಿಲ್ಲ.

ಹಾವಿಗೆ ಹೆದರುವ ಹೆಂಡತಿಯನ್ನು ಕೊಲ್ಲಲು ಸೈಕ್ಸ್ ಬಟ್ಟೆಯ ಬುಟ್ಟಿಯಲ್ಲಿ ವಿಷಸರ್ಪವನ್ನು ಬಿಡುತ್ತಾನೆ. ಅವಳು ಪಾರಾಗಿ ಹೊರಗೆ ಓಡುತ್ತಾಳೆ. ಕತ್ತಲಲ್ಲಿ ಮನೆಗೆ ಬಂದ ಅವನನ್ನೇ ಹಾವು ಕಚ್ಚುತ್ತದೆ. ಅವಳು ಒಳಗೆ ಹೋಗುವುದಿಲ್ಲ. ಅವನು ಕರೆಯುವುದು ಕೇಳಿಸುತ್ತದೆ, ಆದರೂ ಹೋಗುವುದಿಲ್ಲ. ಬೆಳಗಾದ ಮೇಲೆ ಒಮ್ಮೆ ಬಾಗಿಲವರೆಗೆ ಬಂದು, ಅವನ ಊದಿಕೊಂಡ ಮುಖದಲ್ಲಿ ತೆರೆದಿದ್ದ ಒಂದು ಕಣ್ಣನ್ನು ನೋಡಿ, ಅವಳಲ್ಲಿ ಕನಿಕರವೂ ಉಕ್ಕುತ್ತದೆ. ಆದರೆ ಆರ್ಲ್ಯಾಂಡೊದ ವೈದ್ಯರು ತಲುಪಲಾರದಷ್ಟು ದೂರ. ಬೇವಿನ ಜಾತಿಯ ಚೈನಾಬೆರಿ ಮರದ ಬಳಿಗೆ ಹಿಂದಿರುಗಿ, ಏರುತ್ತಿರುವ ಬಿಸಿಲಿನಲ್ಲಿ ಅವಳು ನಿಲ್ಲುತ್ತಾಳೆ. ತಾನಿಲ್ಲಿ ನಿಂತಿರುವುದು ಅವನಿಗೆ ತಿಳಿದಿದೆಯೆಂಬುದು ಅವಳಿಗೆ ತಿಳಿದಿದೆ. ಹರ್ಸ್ಟನ್ ಅವಳನ್ನು ಖುಲಾಸೆ ಮಾಡುವುದೂ ಇಲ್ಲ, ಶಿಕ್ಷಿಸುವುದೂ ಇಲ್ಲ; ಅವಳನ್ನು ಅಲ್ಲಿಯೇ ನಿಲ್ಲಿಸಿ ಕಥೆಯನ್ನು ಮುಗಿಸುತ್ತಾಳೆ.